ಕಾಲಿನ ಬಣ್ಣದಿಂದ ಕಲಿತ ಕಡಲಕ್ಕಿಗಳು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನೆಲೆಸಿದ ಮೇಲೆ ಹಕ್ಕಿ ನೋಡುವುದನ್ನು ನಾನು ಟೈನ್ ನದಿಯ ದಂಡೆಯಲ್ಲೇ ಆರಂಭಿಸಿದೆ. ಜನ ‘ಸೀಗಲ್’ ಎಂದು ಒಂದೇ ಹೆಸರಿನಿಂದ ಕರೆಯುವ ಬಿಳಿ ಹಕ್ಕಿಗಳಲ್ಲಿ ಹಲವು ಜಾತಿಗಳಿವೆ. ಅವುಗಳನ್ನು ಬೇರ್ಪಡಿಸಲು ನಾನು ಮೊದಲು ನೋಡುವುದು ಕಾಲು.

ಕಾಲು ಗುಲಾಬಿ, ಬೆನ್ನು ತಿಳಿಬೂದು, ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಚುಕ್ಕೆ ಇದ್ದರೆ ಅದು ಹೆರಿಂಗ್ ಗಲ್. ಮರಿ ಆ ಚುಕ್ಕೆಯನ್ನು ಕುಟುಕಿದಾಗ ತಾಯಿಯೋ ತಂದೆಯೋ ಆಹಾರವನ್ನು ಕಕ್ಕಿ ಕೊಡುತ್ತದೆ. ಹಳದಿ ಕಾಲು, ಕಡುಬೂದು ಬೆನ್ನಿದ್ದರೆ ಲೆಸ್ಸರ್ ಬ್ಲ್ಯಾಕ್ ಬ್ಯಾಕ್ಡ್ ಗಲ್. ಕೆಂಪು ಕಾಲಿನ ಸಣ್ಣ ಹಕ್ಕಿ ಬ್ಲ್ಯಾಕ್ ಹೆಡೆಡ್ ಗಲ್. ಬೇಸಿಗೆಯಲ್ಲಿ ಅದರ ಮುಖ ಕಡುಗಂದು, ಚಳಿಗಾಲದಲ್ಲಿ ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುವ ಹಕ್ಕಿಯಿದು. ಕಂದು ಚುಕ್ಕೆಗಳ ಎಳೆಯ ಹಕ್ಕಿಗಳನ್ನು ಆರಂಭದಲ್ಲಿ ಬಿಟ್ಟುಬಿಡಿ. ಹೆರಿಂಗ್ ಗಲ್‌ಗೆ ಪೂರ್ತಿ ಬಣ್ಣ ಬರಲು ನಾಲ್ಕು ವರ್ಷ ಬೇಕು.

ಕಾಲು ಕಪ್ಪಗಿದ್ದರೆ ಕಿಟ್ಟಿವೇಕ್. ನನ್ನ ಮನಸ್ಸೆಲ್ಲ ಇದರ ಮೇಲೆಯೇ. ಕಡಲಂಚಿನ ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುವ ಈ ಹಕ್ಕಿ, ಕಡಲಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಈ ಊರಿನಲ್ಲಿ 1928ರಲ್ಲಿ ತೆರೆದ ಟೈನ್ ಸೇತುವೆಯ ಮೇಲೂ ಆಚೆ ದಡದ ಬಾಲ್ಟಿಕ್ ಕಲಾಕೇಂದ್ರದ ಕಟ್ಟಡದ ಅಂಚುಗಳಲ್ಲೂ ಸಂಸಾರ ಹೂಡುತ್ತದೆ. ಸಾವಿರಕ್ಕೂ ಹೆಚ್ಚು ಜೋಡಿಗಳಿವೆ. ಜಗತ್ತಿನಲ್ಲಿ ಕಡಲಿನಿಂದ ಇಷ್ಟು ಒಳಗೆ ಕಿಟ್ಟಿವೇಕ್‌ಗಳು ಮರಿ ಮಾಡುವ ಇನ್ನೊಂದು ನೆಲೆ ಇಲ್ಲ. ಗೂಡಿನಲ್ಲಿ ಕೂತಾಗ ಕಾಲು ಕಾಣದು. ಆಗ ರೆಕ್ಕೆಯ ತುದಿ ನೋಡುತ್ತೇನೆ. ಹೆರಿಂಗ್ ಗಲ್‌ನ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆಗಳಿರುತ್ತವೆ. ಕಿಟ್ಟಿವೇಕ್‌ನ ತುದಿ ಮಸಿಯಲ್ಲಿ ಅದ್ದಿದಂತೆ ಅಚ್ಚ ಕಪ್ಪು. ಕಿವಿಯಿದ್ದರೂ ಸಾಕು, ‘ಕಿಟ್ಟಿ-ವೇಕ್’ ಎಂದು ತನ್ನ ಹೆಸರನ್ನು ತಾನೇ ಕೂಗುತ್ತದೆ.

ಸೇತುವೆಯ ಕೆಳಗೆ ನಡೆಯುವವರಿಗೆ ಹಿಕ್ಕೆಯ ವಾಸನೆ ಕಷ್ಟ, ಒಪ್ಪುತ್ತೇನೆ. ಆದರೆ ಕೈಯಲ್ಲಿರುವ ಚಿಪ್ಸ್ ಕಸಿದುಕೊಳ್ಳುವ ಅಪವಾದವನ್ನು ಇದರ ತಲೆಗೆ ಕಟ್ಟುವುದು ಅನ್ಯಾಯ. ಕಿಟ್ಟಿವೇಕ್ ಊರಿನ ಕಸಕ್ಕೆ ಬಾಯಿ ಹಾಕುವುದಿಲ್ಲ. ಸ್ಯಾಂಡ್ ಈಲ್‌ನಂತಹ ಸಣ್ಣ ಮೀನಿಗಾಗಿ ಕಡಲಿನವರೆಗೆ ಹಾರಿ ಹೋಗಿ ಮರಳುತ್ತದೆ. ಆ ಮೀನು ಕಡಿಮೆಯಾದದ್ದು ಈ ಹಕ್ಕಿಯ ಸಂಕಷ್ಟಕ್ಕೆ ಒಂದು ಕಾರಣ. 2017ರಿಂದ ಇದು ಜಾಗತಿಕವಾಗಿಯೂ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಕಟ್ಟಡಗಳಿಗೆ ಬಲೆ ಬಿಗಿದು ಇವನ್ನು ಓಡಿಸುವ ಬದಲು, ಗೂಡಿನ ತಿಂಗಳುಗಳಲ್ಲಿ ಪಾದಚಾರಿ ದಾರಿಯನ್ನು ಹೆಚ್ಚು ಸಲ ತೊಳೆಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ನೋಡಲು ಬರುವವರು ಮೇ ಅಥವಾ ಜೂನ್‌ನಲ್ಲಿ ಬನ್ನಿ. ಎಂಟು ಪಟ್ಟು ಹಿಗ್ಗಿಸುವ ಸಾಮಾನ್ಯ ದುರ್ಬೀನು ಸಾಕು. ಆಗಸ್ಟ್ ಮುಗಿಯುವಷ್ಟರಲ್ಲಿ ಕಿಟ್ಟಿವೇಕ್‌ಗಳು ಅಟ್ಲಾಂಟಿಕ್ ಕಡೆಗೆ ಹೊರಟುಬಿಡುತ್ತವೆ. ಆಮೇಲೆ ನಾನು ವಿಟ್ಲಿ ಬೇ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಲ್ಲುದಂಡೆಗೆ ಹೋಗುತ್ತೇನೆ. ಕಿತ್ತಳೆ ಕಾಲಿನ ಟರ್ನ್‌ಸ್ಟೋನ್ ಎಂಬ ಸಣ್ಣ ದಡದ ಹಕ್ಕಿಗಳು ಅಲ್ಲಿ ಪಾಚಿಯನ್ನು ಮಗುಚಿ ಹುಳು ಹುಡುಕುತ್ತಿರುತ್ತವೆ. ಹೊರಡುವ ಮುನ್ನ ಭರತ-ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ; ಭರತದ ಹೊತ್ತಿನಲ್ಲಿ ದ್ವೀಪದ ದಾರಿ ನೀರಿನಡಿ ಮುಳುಗುತ್ತದೆ.