ಪೆಲೆಟ್ ಒಲೆಯ ಹಾಪರ್ ಎತ್ತರಿಸುವುದು ಹೇಗೆ?

ಹಂಚು ಕಾದು ನಿಂತಿದೆ, ರೊಟ್ಟಿ ಬಡಿಯುತ್ತಿರುವ ಕೈ ತುಂಬ ಹಿಟ್ಟು. ಅಷ್ಟರಲ್ಲಿ ಒಲೆಯ ಹಾಪರ್, ಅಂದರೆ ಪೆಲೆಟ್ (ಹೊಟ್ಟು, ಸಿಪ್ಪೆ ಒತ್ತಿ ಮಾಡಿದ ಉರುವಲಿನ ತುಂಡು) ತುಂಬುವ ಡಬ್ಬ, ಬರಿದಾಗುತ್ತದೆ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವವರಿಗೆ ಇದು ದಿನದ ತಾಪತ್ರಯ. 5 ಕಿಲೋ ಪೆಲೆಟ್ ಹಿಡಿಯುವ ಹಾಪರ್, ತಾಸಿಗೆ ಒಂದೂವರೆ ಕಿಲೋ ಉರಿದರೆ, ಮೂರು ತಾಸು ದಾಟುತ್ತಲೇ ಖಾಲಿ. ಹಾಪರ್ ಮೇಲೆ ತಗಡಿನ ಕೊರಳು ಕೂರಿಸಿದರೆ ಬೆಳಗಿನ ಕೆಲಸವೆಲ್ಲ ಒಂದೇ ತುಂಬುವಿಕೆಯಲ್ಲಿ ಮುಗಿಯುತ್ತದೆ. ಇದರಿಂದ ಉರಿ ಹೆಚ್ಚುವುದಿಲ್ಲ, ಉರಿಯುವ ಹೊತ್ತು ಮಾತ್ರ ಹೆಚ್ಚುತ್ತದೆ.

ಇಲ್ಲಿ ಹೇಳಿರುವುದು ಪಕ್ಕದಲ್ಲಿ ಹಾಪರ್ ಇದ್ದು, ಪೆಲೆಟ್ ತಾನಾಗಿ ಇಳಿಜಾರಿನಲ್ಲಿ ಜಾರಿ ಬರುವ, ಸಣ್ಣ ಫ್ಯಾನಿನಿಂದ ಗಾಳಿ ಊದುವ ಅಡುಗೆ ಒಲೆಗೆ. ಮೋಟರ್ ಮತ್ತು ಸ್ಕ್ರೂನಿಂದ ಪೆಲೆಟ್ ತಳ್ಳುವ ಒಲೆಯಾದರೆ ಮುಚ್ಚಳ ತೆರೆದಾಗ ಮೋಟರ್ ನಿಲ್ಲಿಸುವ ಸ್ವಿಚ್ಚನ್ನು ಯಾವ ಕಾರಣಕ್ಕೂ ತೆಗೆದು ಹಾಕಬಾರದು, ತಂತಿ ಕಟ್ಟಿ ಒತ್ತಿಡಲೂಬಾರದು.

ಮೊದಲು ಅಳತೆ

ಒಂದು ಲೀಟರ್ ಜಾಗದಲ್ಲಿ ಸುಮಾರು 600 ಗ್ರಾಂ ಪೆಲೆಟ್ ಹಿಡಿಯುತ್ತದೆ. ಹಾಪರ್ ಬಾಯಿ 30 × 25 ಸೆಂ.ಮೀ. ಇದ್ದು, ಅದರ ಮೇಲೆ 20 ಸೆಂ.ಮೀ. ನೇರ ಗೋಡೆ ಎಬ್ಬಿಸಿದರೆ 15 ಲೀಟರ್ ಸಿಗುತ್ತದೆ. ಅಂದರೆ 9 ಕಿಲೋ ಹೆಚ್ಚುವರಿ. ಇದಕ್ಕಿಂತ ಎತ್ತರಕ್ಕೆ ಹೋಗದಿರುವುದು ಲೇಸು. ತಗಡು, ಪಟ್ಟಿ, ಪೆಲೆಟ್ ಎಲ್ಲ ಸೇರಿ 13 ಕಿಲೋ ಭಾರ ಒಲೆಯ ಒಂದೇ ಮಗ್ಗುಲಿಗೆ ಬೀಳುತ್ತದೆ. ಹಾಗಾಗಿ ಹಾಪರ್ ಕೆಳಗೆ ನೆಲಕ್ಕೆ ಊರುವಂತೆ 25 ಮಿ.ಮೀ. ಆಂಗಲ್‌ನ (L ಆಕಾರದ ಕಬ್ಬಿಣದ ಪಟ್ಟಿಯ) ಒಂದು ಕಾಲು ಕೊಡಿಸಲೇಬೇಕು.

ಗೋಡೆ ನೇರವಾಗಿಯೇ ಇರಲಿ. ಹೆಚ್ಚು ಹಿಡಿಯಲಿ ಎಂದು ಬಾಯಿ ಅಗಲಿಸಿದರೆ, ಇಳಿಜಾರು ನೆಲದಿಂದ 60 ಡಿಗ್ರಿಗೆ ಕಡಿಮೆಯಾದಲ್ಲಿ ಪೆಲೆಟ್ ಮೂಲೆಗಳಲ್ಲಿ ನಿಂತುಬಿಡುತ್ತದೆ.

ಬೇಕಾದ ಸಾಮಾನು

18 ಗೇಜ್ ಕಪ್ಪು ತಗಡಿನ 115 × 25 ಸೆಂ.ಮೀ. ಪಟ್ಟಿ ಒಂದು, 20 ಮಿ.ಮೀ. ಆಂಗಲ್ ಒಂದೂಕಾಲು ಮೀಟರ್, 4 ಮಿ.ಮೀ. ಪಾಪ್ ರಿವೆಟ್ ಎರಡು ಡಜನ್, 6 ಮಿ.ಮೀ. ಬೋಲ್ಟ್ ಆರು, ಒಲೆ ಬಾಗಿಲಿಗೆ ಹಾಕುವ ಗ್ಲಾಸ್ ಫೈಬರ್ ಹಗ್ಗ ಎರಡೂವರೆ ಮೀಟರ್. ಸತುವಿನ ಲೇಪವಿರುವ ಜಿಐ ತಗಡು ಬೇಡ. ರಿವೆಟ್ ಬದಲು ವೆಲ್ಡಿಂಗ್ ಮಾಡಿಸಿದರೆ ಸತುವಿನ ಹೊಗೆ ಬರುತ್ತದೆ, ಕೆಲಸದವರಿಗೆ ಜ್ವರ ತರಿಸುತ್ತದೆ.

ಕೂರಿಸುವ ಬಗೆ

ಒಲೆ ಪೂರ್ತಿ ಆರಿ, ಹಾಪರ್ ಖಾಲಿಯಾದ ಮೇಲೆ ಕೈ ಹಚ್ಚಿ. ತಗಡನ್ನು ನಾಲ್ಕು ಮಡಿಕೆ ಮಾಡಿ ಚೌಕಟ್ಟು ಮಾಡಿಸಿ, ಎರಡು ತುದಿಗಳು ಎರಡೂವರೆ ಸೆಂ.ಮೀ. ಒಂದರ ಮೇಲೊಂದು ಬರುವಂತೆ ಸೇರಿಸಿ ರಿವೆಟ್ ಹೊಡೆಯಿರಿ. ಮೇಲಿನ ಅಂಚನ್ನು 2 ಸೆಂ.ಮೀ. ಹೊರಕ್ಕೆ ಮಡಚಿದರೆ ಮುಚ್ಚಳ ಕೂರಲು ಪೀಠವಾಗುತ್ತದೆ.

ಕೆಳಗಿನ ಎರಡೂವರೆ ಸೆಂ.ಮೀ. ಭಾಗ ಹಳೆ ಹಾಪರಿನ ಒಳಗೆ ಇಳಿಯಬೇಕು, ಹೊರಗಲ್ಲ. ಇದರಲ್ಲೇ ಬಹಳ ಜನ ತಪ್ಪುತ್ತಾರೆ. ಹಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳಿ: ಮೇಲಿನ ಹೆಂಚು ಕೆಳಗಿನದರ ಮೇಲೆ ಚಾಚಿರುವುದರಿಂದಲೇ ನೀರು ಒಳಗೆ ಇಳಿಯುವುದಿಲ್ಲ. ಇಲ್ಲಿ ಪೆಲೆಟ್ ಹರಿಯುವುದು ಒಳಗಡೆ, ಆದ್ದರಿಂದ ಮೇಲಿನ ತಗಡು ಕೆಳಗಿನದರ ಒಳಮೈ ಮೇಲೆ ಚಾಚಬೇಕು. ಕೊರಳು ಹೊರಗಡೆಯಿಂದ ಕೂತರೆ ಹಳೆ ಹಾಪರಿನ ಅಂಚು ಒಳಗೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಅಲ್ಲಿ ಪೆಲೆಟ್ ತಡೆಯುತ್ತದೆ, ಸಂದಿಯಿಂದ ಪುಡಿ ಉದುರುತ್ತದೆ. ಒಳಗೆ ಸಲೀಸಾಗಿ ಇಳಿಯಲು ಪ್ರತಿ ಬದಿಗೆ ಒಂದೂವರೆ ಮಿ.ಮೀ. ಸಡಿಲ ಸಾಕು.

ಕೆಳ ಅಂಚಿನಿಂದ ಎರಡೂವರೆ ಸೆಂ.ಮೀ. ಮೇಲೆ, ಹೊರಗಡೆ ಸುತ್ತಲೂ ಆಂಗಲ್ ಕೂರಿಸಿ. ರಿವೆಟ್ಟನ್ನು ಒಳಗಿನಿಂದ ತೂರಿಸಿ ಹೊಡೆದರೆ ಚಪ್ಪಟೆ ತಲೆ ಒಳಗುಳಿದು ಪೆಲೆಟ್‌ಗೆ ಅಡ್ಡಿಯಾಗುವುದಿಲ್ಲ. ಆಂಗಲ್ ಮತ್ತು ಹಾಪರ್ ಅಂಚಿನ ನಡುವೆ ಹಗ್ಗ ಸುತ್ತಿ ಬೋಲ್ಟ್ ಬಿಗಿಯಿರಿ. ಉಳಿದ ಹಗ್ಗ ಮುಚ್ಚಳದ ಕೆಳಗೆ. ಒಳಗೆ ಬಣ್ಣ ಬಳಿಯಬೇಡಿ.

ಗಾಳಿ ಸೋರಬಾರದು

ಇಷ್ಟೂ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಫ್ಯಾನ್ ಓಡುವವರೆಗೆ ಗಾಳಿ ಉರಿಯ ಕಡೆ ಹರಿಯುತ್ತದೆ. ಕರೆಂಟು ಹೋಗಿ ಫ್ಯಾನ್ ನಿಂತಿತೆನ್ನಿ, ಬಿಸಿ ಗಾಳಿ ಮೇಲೇರಲು ದಾರಿ ಹುಡುಕುತ್ತದೆ. ಮುಚ್ಚಳ ಸಡಿಲವಿದ್ದರೆ ಹಾಪರೇ ಹೊಗೆ ಕೊಳವೆ! ಎತ್ತರಿಸಿದ ಹಾಪರ್ ಇನ್ನೂ ಜೋರಾಗಿ ಎಳೆಯುತ್ತದೆ, ಬೆಂಕಿ ಪೆಲೆಟ್ ಹಿಡಿದು ಹಿಂದಕ್ಕೆ ಹತ್ತುತ್ತದೆ. ಗಿಡ್ಡ ಹಾಪರಿಗೆ ನಡೆದುಹೋಗುತ್ತಿದ್ದ ಸಡಿಲ ಮುಚ್ಚಳ ಎತ್ತರದ ಹಾಪರಿಗೆ ನಡೆಯುವುದಿಲ್ಲ.

ಪರೀಕ್ಷೆ ಸುಲಭ. ಒಲೆ ತಣ್ಣಗಿದ್ದು ಹಾಪರ್ ಖಾಲಿ ಇರುವಾಗ ಮುಚ್ಚಳ ಹಾಕಿ ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ. ಹಚ್ಚಿದ ಊದುಬತ್ತಿಯನ್ನು ಜೋಡಣೆಯ ಸುತ್ತ ನಿಧಾನವಾಗಿ ಹಿಡಿಯುತ್ತ ಬನ್ನಿ. ಹೊಗೆಯ ಎಳೆ ನೆಟ್ಟಗೆ ಏರುತ್ತಿದ್ದರೆ ಸರಿ. ಎಲ್ಲಿ ಬಾಗಿ ಚದುರುತ್ತದೋ ಅಲ್ಲಿ ಸೋರಿಕೆ ಇದೆ. ಶಾಖ ತಡೆಯುವ ಸಿಲಿಕೋನ್ ಹಚ್ಚಿ, ಒಂದು ದಿನ ಒಣಗಿಸಿ, ಮತ್ತೆ ನೋಡಿ. ಫ್ಯಾನಿಗೆ ಸಣ್ಣ ಬ್ಯಾಟರಿ ಇಟ್ಟುಕೊಳ್ಳುವುದು ಐಷಾರಾಮಲ್ಲ, ಅಗತ್ಯ.

ಬಳಸುವಾಗ

ಮೇಲಿನ ಭಾರ ಹೆಚ್ಚಾದಷ್ಟೂ ಪುಡಿ ಇರುವ ಪೆಲೆಟ್ ಕೆಳಗೆ ಬಿಗಿದುಕೊಂಡು ಕಮಾನು ಕಟ್ಟುತ್ತದೆ. ಕಮಾನಿನ ಕೆಳಗೆ ಖಾಲಿ ಜಾಗ, ಆ ಜಾಗದಲ್ಲಿ ಬೆಂಕಿ ಏರುತ್ತದೆ. ಆದ್ದರಿಂದ 3 ಮಿ.ಮೀ. ಜರಡಿಯಲ್ಲಿ ಸೋಸಿಯೇ ಸುರಿಯಿರಿ. ಬೆರಳುದ್ದದ ಪೆಲೆಟ್ ಇದ್ದರೆ ಮುರಿದು ಹಾಕಿ. ಕಾಲು ಭಾಗ ಉಳಿದಿರುವಾಗಲೇ ಮತ್ತೆ ತುಂಬಿ. ತುಂಬುವ ಹೊತ್ತಿಗೆ ಫ್ಯಾನ್ ಕಡಿಮೆ ಮಾಡಿ, ಮುಖ ದೂರವಿಡಿ.

ಹಾಪರ್ ದೊಡ್ಡದಾದರೂ ಬೂದಿ ತಟ್ಟೆ ಅಷ್ಟೇ ಇರುತ್ತದೆ ಎಂಬುದು ಮರೆಯುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್ಲುಗಳ ಹೊಟ್ಟಿನಿಂದ ಮಾಡಿದ ಪೆಲೆಟ್‌ನಲ್ಲಿ ಸುಮಾರು ಐದನೇ ಒಂದು ಪಾಲು ಬೂದಿಯೇ. 9 ಕಿಲೋ ಸುಟ್ಟರೆ ಒಂದೂವರೆ ಕಿಲೋಗೂ ಮೇಲೆ. ತಟ್ಟೆ ತುಂಬಿ ಗಾಳಿಯ ತೂತು ಮುಚ್ಚಿದರೆ ಉರಿ ಕೆಂಪಗಾಗಿ ಹೊಗೆ ಶುರು. ಶೇಂಗಾ ಸಿಪ್ಪೆಯ ಪೆಲೆಟ್‌ನಲ್ಲಿ ಬೂದಿ ಬಹಳ ಕಡಿಮೆ. ಹೊಟ್ಟಿನದೇ ಬಳಸುವುದಾದರೆ ಎರಡು ತಾಸಿಗೊಮ್ಮೆ ತಟ್ಟೆ ಖಾಲಿ ಮಾಡಿ.

ಮಳೆಗಾಲದಲ್ಲಿ ಉಳಿದ ಪೆಲೆಟ್ಟನ್ನು ರಾತ್ರಿ ಹಾಪರಿನಲ್ಲೇ ಬಿಡಬೇಡಿ. ತೇವ ಕುಡಿದ ಪೆಲೆಟ್ ಉಬ್ಬಿ, ಬೆಳಗಾಗುವಷ್ಟರಲ್ಲಿ ಪುಡಿಯಾಗಿ ಗಂಟಲು ಕಟ್ಟುತ್ತದೆ. ಆಗ ಕೊರಳು ಬಿಚ್ಚಿ ಕೈಯಿಂದ ಕೆರೆದು ತೆಗೆಯುವುದೊಂದೇ ದಾರಿ.