ಮೋಟರ್ ನಿಲ್ಲಿಸುವುದೇ ದೊಡ್ಡ ಕೆಲಸ

ದಾವಣಗೆರೆಯ ಮನೆಗಳಲ್ಲಿ ನಲ್ಲಿ ನೀರು ನೇರ ಮೇಲಿನ ಟ್ಯಾಂಕಿಗೆ ಹತ್ತುವುದು ಕಡಿಮೆ. ತುಂಗಭದ್ರೆಯ ನೀರಾಗಲಿ, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿಟ್ಟ ನೀರಾಗಲಿ, ಬಿಟ್ಟಾಗ ಮೊದಲು ಬೀಳುವುದು ಸಂಪಿಗೆ. ಅಲ್ಲಿಂದ ಮೋಟರ್ ಹಾಕಿ ಮೇಲೇರಿಸಬೇಕು. ಹಾಕಿ ಮರೆತರೆ ಟ್ಯಾಂಕ್ ತುಂಬಿ ಹರಿಯುತ್ತದೆ. ಸಂಪು ಬರಿದಾಗಿದ್ದರೆ ಮೋಟರ್ ನೀರಿಲ್ಲದೆ ತಿರುಗಿ ಸೀಲ್ ಸುಟ್ಟುಕೊಳ್ಳುತ್ತದೆ. ಇದನ್ನು ತಪ್ಪಿಸಲು ನಮ್ಮ ಮನೆಗೆ ನಾನೇ ಮಾಡಿಕೊಂಡ ವ್ಯವಸ್ಥೆಯ ವಿವರ ಇಲ್ಲಿದೆ. 1000 ಲೀಟರ್ ಟ್ಯಾಂಕ್, ಅರ್ಧ ಎಚ್‌ಪಿ ಮೋನೋಬ್ಲಾಕ್ ಮೋಟರ್, ಇಎಸ್‌ಪಿ32 ಎಂಬ, ವೈಫೈ ಇರುವ ಎರಡು ಪುಟ್ಟ ಪ್ರೋಗ್ರಾಮ್ ಬೋರ್ಡು: ಒಂದು ಮೇಲೆ ಟ್ಯಾಂಕಿನ ಬಳಿ, ಇನ್ನೊಂದು ಕೆಳಗೆ ಮೋಟರ್ ಬಳಿ.

ಕೋಡ್ ಬರೆಯುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ವೆಬ್ ಸರ್ವರಿಗೆ ಬರೆಯುವಾಗ ಕೆಲಸ ಕೆಟ್ಟರೆ ಮತ್ತೆ ಮತ್ತೆ ಪ್ರಯತ್ನಿಸುವುದು, ಹಿಂದಿನ ಸ್ಥಿತಿಯನ್ನು ನೆನಪಿಟ್ಟು ಅಲ್ಲಿಂದಲೇ ಮುಂದುವರಿಯುವುದು ಒಳ್ಳೆಯ ಅಭ್ಯಾಸ. ಮೋಟರಿಗೆ ಎರಡೂ ಅಪಾಯ. ಇಲ್ಲಿ ಗೊತ್ತಿಲ್ಲ ಅಂದರೆ ನಿಲ್ಲಿಸು ಅಂತಲೇ ಅರ್ಥ. ನೀರಿನ ಮಟ್ಟ ಅಳೆಯುವುದು ಒಂದು ಸಂಜೆಯ ಕೆಲಸ. ಸರಿಯಾದ ಹೊತ್ತಿಗೆ ನಿಲ್ಲಿಸುವುದಕ್ಕೆ ಉಳಿದ ಶ್ರಮವೆಲ್ಲ ಹೋಗುತ್ತದೆ.

ಮಟ್ಟಕ್ಕೆ ನಾನು ಹಾಕಿದ್ದು ಜೆಎಸ್‌ಎನ್-ಎಸ್‌ಆರ್04ಟಿ ಎಂಬ, ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್. ಅದು ಕಳಿಸಿದ ಸದ್ದು ನೀರಿಗೆ ಬಡಿದು ವಾಪಸ್ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತೇವೆ. ಇದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ತಡೆದುಕೊಳ್ಳುವುದು 3.3 ವೋಲ್ಟ್ ಮಾತ್ರ. ಎಕೋ ಕಡೆಗೆ 1 ಕಿಲೋಓಮ್, ಗ್ರೌಂಡ್ ಕಡೆಗೆ 2 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಇಟ್ಟು ನಡುವಿನಿಂದ ತಂತಿ ತೆಗೆದರೆ 3.3 ಸಿಗುತ್ತದೆ. ಸೆನ್ಸರಿನ ನಿಜವಾದ ತೊಂದರೆ ಬೇರೆ: ಮುಖದಿಂದ 20–25 ಸೆಂ.ಮೀ. ಒಳಗಿರುವುದನ್ನು ಅದು ಅಳೆಯಲಾರದು. ನೀರು ಅಷ್ಟು ಹತ್ತಿರ ಬಂದರೆ ಬಾಯಿಗೆ ಬಂದ ಅಂಕಿ ಹೇಳುತ್ತದೆ, ಕೆಲವೊಮ್ಮೆ ದೂರದ ಅಂಕಿಯನ್ನೇ ಹೇಳಿಬಿಡುತ್ತದೆ. ಆಗ ತುಂಬಿದ ಟ್ಯಾಂಕ್ ಪ್ರೋಗ್ರಾಮಿಗೆ ಖಾಲಿಯಾಗಿ ಕಾಣುತ್ತದೆ. ಸೆನ್ಸರ್ ಕೂರಿಸುವ ಮುನ್ನ ಮುಚ್ಚಳದಿಂದ ಓವರ್‌ಫ್ಲೋ ಪೈಪಿನ ತಳದವರೆಗೆ ಟೇಪು ಹಿಡಿದು ಅಳೆಯಿರಿ. 30 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮುಚ್ಚಳದ ಮೇಲೆ ಅಗಲವಾದ ಪೈಪ್ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಬೇಕು. ಸಣ್ಣ ಪೈಪಾದರೆ ಅದರ ಅಂಚಿಗೇ ಸದ್ದು ಬಡಿದು ವಾಪಸ್ ಬರುತ್ತದೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಎ02ವೈವೈಯುಡಬ್ಲ್ಯೂ ಸೆನ್ಸರ್. ಅದರ ಕುರುಡು ಅಂತರ 3 ಸೆಂ.ಮೀ. ಮಾತ್ರ, ಸೀರಿಯಲ್ ತಂತಿಯಲ್ಲಿ ಚೆಕ್‌ಸಮ್ (ಅಂಕಿ ದಾರಿಯಲ್ಲಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತ) ಸಮೇತ ಅಂಕಿ ಕಳಿಸುತ್ತದೆ. ಬೆಲೆ ಹೆಚ್ಚಾದರೂ ತಲೆನೋವು ಕಡಿಮೆ.

ಬೇಸಿಗೆಯಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಕೋಡಿನಲ್ಲಿ 343 ಎಂದೇ ಬರೆದಿಟ್ಟರೆ ಏಪ್ರಿಲ್ ಮಧ್ಯಾಹ್ನ 100 ಸೆಂ.ಮೀ. ದೂರ 96.5 ಆಗಿ ಕಾಣುತ್ತದೆ. ನನ್ನ ಟ್ಯಾಂಕಿನ ಅಡ್ಡಳತೆ 1.1 ಮೀಟರ್, ಅಂದರೆ ಒಂದು ಸೆಂ.ಮೀ. ಎತ್ತರಕ್ಕೆ ಸುಮಾರು 9.5 ಲೀಟರ್. ಇಲ್ಲದ 33 ಲೀಟರ್ ನೀರು ಇದೆ ಎಂದು ತೋರಿಸಿದಂತಾಯಿತು. ಡಿಎಸ್18ಬಿ20 ಉಷ್ಣತಾ ಸೆನ್ಸರನ್ನು 4.7 ಕಿಲೋಓಮ್ ಪುಲ್-ಅಪ್ ರೆಸಿಸ್ಟರ್ (ಡೇಟಾ ತಂತಿಯಿಂದ 3.3 ವೋಲ್ಟಿಗೆ) ಜೊತೆ ಟ್ಯಾಂಕಿನ ಒಳಗೆ, ನೀರಿಗೆ ತಾಗದಂತೆ ತೂಗುಬಿಟ್ಟು 331.3 + 0.606 × ಉಷ್ಣತೆ ಎಂಬ ಲೆಕ್ಕ ಹಾಕಿದರೆ ಸಾಕು. ಪ್ರತಿ ಸಲ ಏಳು ಅಳತೆ ತೆಗೆದು, ಏರಿಕೆಯಲ್ಲಿ ಜೋಡಿಸಿ, ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಸರಾಸರಿ ಬೇಡ, ಒಂದೇ ಒಂದು ಹುಚ್ಚು ಅಂಕಿ ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ.

ಟ್ಯಾಂಕಿನ ಬಳಿಯ ಬೋರ್ಡಿಗೆ ಕೆಳಗಿನಿಂದ ಕರೆಂಟ್ ಕೊಡುವಾಗ 5 ವೋಲ್ಟ್ ಕಳಿಸಬೇಡಿ. 15 ಮೀಟರ್ ದೂರಕ್ಕೆ ತೆಳುವಾದ 0.2 ಚದರ ಮಿ.ಮೀ. ತಂತಿ ಎಳೆದರೆ ಹೋಗಿ ಬರುವ 30 ಮೀಟರಿಗೆ ಸುಮಾರು 2.6 ಓಮ್ ತಡೆ. ವೈಫೈ ಕಳಿಸುವ ಕ್ಷಣದಲ್ಲಿ ಬೋರ್ಡು 400 ಮಿಲಿಆಂಪ್ ಎಳೆದರೆ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಬೋರ್ಡು ಪದೇ ಪದೇ ರೀಸೆಟ್ ಆಗುತ್ತದೆ. 12 ವೋಲ್ಟ್ ಕಳಿಸಿ, ಮೇಲೆ ಬಕ್ ಕನ್ವರ್ಟರಿನಿಂದ 5 ವೋಲ್ಟಿಗೆ ಇಳಿಸಿಕೊಳ್ಳಿ.

ಕೆಳಗೆ ಮೋಟರ್ ಬಳಿಯ ಬೋರ್ಡೇ ತೀರ್ಮಾನ ಮಾಡುವುದು. ಅದನ್ನು ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ಇಟ್ಟಿಲ್ಲ, ಕ್ಲೌಡಿನಲ್ಲೂ ಇಟ್ಟಿಲ್ಲ. ಇಂಟರ್‌ನೆಟ್ ಹೋದರೂ ಸ್ನಾನಕ್ಕೆ ನೀರು ಬರಬೇಕು. ಮೋಟರ್ ಚಾಲೂ ಆಗುವ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆಗ ಅಗ್ಗದ ರಿಲೇ (ಬೋರ್ಡಿನ ಸಿಗ್ನಲಿಗೆ ಕೂಡಿ ಬಿಡುವ ಸ್ವಿಚ್) ಮಾಡ್ಯೂಲಿನ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಕೋಡ್ ಎಷ್ಟು ಕೂಗಿದರೂ ಮೋಟರ್ ನಿಲ್ಲದು. ಹಾಗಾಗಿ ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಕಾಯಿಲಿಗೆ ಮಾತ್ರ ಕರೆಂಟ್ ಕೊಡಲಿ, ಮೋಟರಿನ ಭಾರ ಕಾಂಟ್ಯಾಕ್ಟರ್ ಹೊರಲಿ. ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರಿನ ಸ್ನಬ್ಬರ್ ಹಾಕಿ. ಇಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಡುವಾಗ ಏಳುವ ಕಿಡಿಗೆ ಬೋರ್ಡು ಹ್ಯಾಂಗ್ ಆಗಬಹುದು. 230 ವೋಲ್ಟ್ ಕಡೆಯ ವೈರಿಂಗ್, ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ರಿಲೇಗೆ ಯಾವ ಪಿನ್ ಎನ್ನುವುದೂ ಮುಖ್ಯ. ಬೋರ್ಡಿನ ಜಿಪಿಐಓ (ಸಿಗ್ನಲ್ ಕೊಡುವ, ಪಡೆಯುವ ಪಿನ್) 0, 2, 5, 12, 15 ಬೂಟ್ ಆಗುವಾಗ ಬೇರೆ ಕೆಲಸಕ್ಕೆ ಬಳಕೆಯಾಗುತ್ತವೆ. 14ರಲ್ಲಿಯೂ ಆ ಹೊತ್ತಿನಲ್ಲಿ ಸಿಗ್ನಲ್ ಹೊಮ್ಮುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ಒಮ್ಮೆ ಟಕ್ ಎಂದರೆ ಕಾರಣ ಅಲ್ಲಿ ಹುಡುಕಿ. ನಾನು 26 ಬಳಸಿ, ನೆಲಕ್ಕೆ 10 ಕಿಲೋಓಮ್ ಕಟ್ಟಿದ್ದೇನೆ. ಬೋರ್ಡು ಸತ್ತರೂ ರಿಲೇ ಬಿಟ್ಟೇ ಇರುತ್ತದೆ.

ಈಗ ನಿಲ್ಲಿಸುವ ನಿಯಮಗಳು. ಮಟ್ಟ 30 ಶೇಕಡಕ್ಕೆ ಇಳಿದಾಗ ಶುರು, 90 ಮುಟ್ಟಿದಾಗ ನಿಲುಗಡೆ. ನಡುವಿನ ಈ ಅಂತರ ಕಿರಿದಾದರೆ ನೀರಿನ ಅಲೆಗೇ ಮೋಟರ್ ಹೊತ್ತಿಕೊಂಡು ಆರುತ್ತಿರುತ್ತದೆ. ಮೇಲಿನಿಂದ ಬಂದ ಅಳತೆ 15 ಸೆಕೆಂಡಿಗಿಂತ ಹಳೆಯದಾದರೆ ನಿಲುಗಡೆ. ಒಮ್ಮೆಗೆ ಗರಿಷ್ಠ 40 ನಿಮಿಷ: ನನ್ನ ಮೋಟರ್ ನಿಮಿಷಕ್ಕೆ 30 ಲೀಟರ್ ಏರಿಸುತ್ತದೆ, 1000 ಲೀಟರಿಗೆ 33 ನಿಮಿಷ, ಮೇಲೆ ಸ್ವಲ್ಪ ಸಡಿಲ. ನಿಮ್ಮ ಮೋಟರಿನದನ್ನು ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮುಂದಿನ ನಿಯಮ. ಮೋಟರ್ ಓಡಿ ನಾಲ್ಕು ನಿಮಿಷವಾದರೂ ಟ್ಯಾಂಕ್ 4 ಸೆಂ.ಮೀ. ಏರದಿದ್ದರೆ ನಿಲ್ಲಿಸಿ ಬೀಗ ಹಾಕು. ನಾಲ್ಕು ನಿಮಿಷಕ್ಕೆ 12 ಸೆಂ.ಮೀ. ಏರಬೇಕು, ಒಳಗೆ ಯಾರಾದರೂ ನಲ್ಲಿ ಬಿಟ್ಟಿದ್ದರೂ ಎಂಟಾದರೂ ಏರುತ್ತದೆ. ಸಂಪು ಖಾಲಿ, ಫುಟ್‌ವಾಲ್ವ್ ಸೋರಿಕೆ, ಪೈಪಿನಲ್ಲಿ ಗಾಳಿ, ಮುಚ್ಚಿದ ಗೇಟ್‌ವಾಲ್ವ್, ಒಡೆದ ಪೈಪು, ಅಂಟಿಕೊಂಡ ಸೆನ್ಸರ್ ಎಲ್ಲವನ್ನೂ ಈ ಒಂದು ಸಾಲು ಹಿಡಿಯುತ್ತದೆ. ಮೋಟರ್ ಎಳೆಯುವ ಕರೆಂಟ್ ನೋಡಿ ಒಣ ಓಟ ಪತ್ತೆಹಚ್ಚುವ ದಾರಿಯೂ ಇದೆ. ಆದರೆ ಸಣ್ಣ ಸಿಂಗಲ್ ಫೇಸ್ ಮೋಟರಿನಲ್ಲಿ ನೀರಿದ್ದಾಗಿನ ಮತ್ತು ಇಲ್ಲದಾಗಿನ ವ್ಯತ್ಯಾಸ ಕಡಿಮೆ, ವೋಲ್ಟೇಜ್ ಇಳಿದಾಗ ಅದೂ ಕಲಸಿಹೋಗುತ್ತದೆ. ನೀರು ಏರಿತೋ ಇಲ್ಲವೋ ಎಂದು ನೋಡುವುದೇ ಮೇಲು. ಬೀಗ ಬಿದ್ದರೆ ಮನುಷ್ಯರು ಬಂದು ಗುಂಡಿ ಒತ್ತಿಯೇ ತೆಗೆಯಬೇಕು, ತಾನಾಗಿ ತೆರೆಯಕೂಡದು.

ಫೋನಿನಿಂದ ಆಜ್ಞೆ ಕಳಿಸಲು ಎಂಕ್ಯೂಟಿಟಿ (ಬ್ರೋಕರ್ ಎಂಬ ನಡುವಿನ ಸರ್ವರಿನ ಮೂಲಕ ಸಂದೇಶ ಸಾಗಿಸುವ ವಿಧಾನ) ಬಳಸುವವರು ರಿಟೇನ್ ಆಯ್ಕೆಯನ್ನು ಆಜ್ಞೆಗೆ ಎಂದೂ ಹಾಕಬೇಡಿ. ಬ್ರೋಕರ್ ಆ ಸಂದೇಶವನ್ನು ಇಟ್ಟುಕೊಂಡು, ಬೋರ್ಡು ಮತ್ತೆ ಜೋಡಿಕೊಂಡಾಗಲೆಲ್ಲ ಹಳೆಯ ‘ಆನ್’ ಅನ್ನು ಕೊಡುತ್ತದೆ. ಬೆಳಗಿನ ಆಜ್ಞೆಗೆ ಮಧ್ಯರಾತ್ರಿ ಮೋಟರ್ ಓಡುತ್ತದೆ. ನಾನು ಕಳಿಸುವುದು ‘ಹತ್ತು ನಿಮಿಷ ಓಡು’ ಎಂಬ ಗಡುವಿನ ಆಜ್ಞೆ. ಗಡುವು ಮುಗಿದರೆ ಆಜ್ಞೆಯೂ ಮುಗಿಯಿತು. ಕರೆಂಟ್ ಬಂದ ಮೇಲೆ ಮೂರು ನಿಮಿಷ ಏನೂ ಮಾಡದೆ ಕಾಯುವಂತೆಯೂ ಬರೆದಿದ್ದೇನೆ.

ಕೋಡನ್ನು ನಂಬದ ಒಂದು ಕಾವಲೂ ಬೇಕು. ಟ್ಯಾಂಕಿನ ಮೇಲ್ಭಾಗದಲ್ಲಿ ಎದ್ದಾಗ ಸಂಪರ್ಕ ಕಡಿಯುವ ಫ್ಲೋಟ್ ಸ್ವಿಚ್ ಇದೆ. ರಿಲೇ ಕಾಯಿಲಿನ 12 ವೋಲ್ಟ್ ಅದರ ಮೂಲಕವೇ ಹಾದು ಬರುತ್ತದೆ. ಟ್ಯಾಂಕಿನೊಳಗೆ 230 ವೋಲ್ಟ್ ಇಳಿಸುವ ಪ್ರಶ್ನೆಯೇ ಇಲ್ಲ. ಮನೆಯವರಿಗಾಗಿ ಗೋಡೆಯಲ್ಲಿಟ್ಟ ಕೈ ಸ್ವಿಚ್ಚೂ ಅದೇ 12 ವೋಲ್ಟ್ ಸುತ್ತಿನಲ್ಲಿದೆ. ಅಮ್ಮ ಫೋನ್ ಮುಟ್ಟದೆ ಮೋಟರ್ ಹಾಕಬಹುದು, ಮರೆತರೂ ಫ್ಲೋಟ್ ನಿಲ್ಲಿಸುತ್ತದೆ. ಬೋರಿನ ನೀರೂ ಬೆರೆಸುವ ಮನೆಗಳಲ್ಲಿ ಫ್ಲೋಟಿನ ಕೀಲಿಗೆ ಉಪ್ಪು ಕಟ್ಟುತ್ತದೆ. ಟ್ಯಾಂಕ್ ತೊಳೆಯುವಾಗಲೆಲ್ಲ ಅದನ್ನು ವಿನೆಗರ್‌ನಲ್ಲಿ ನೆನೆಸಿ ಉಜ್ಜಬೇಕು.

ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಮೋಟರ್ ಓಡುವಾಗ ಟ್ಯಾಂಕಿಗೆ ಹೋಗುವ ಗೇಟ್‌ವಾಲ್ವ್ ಮುಚ್ಚುತ್ತೇನೆ, ನಾಲ್ಕು ನಿಮಿಷಕ್ಕೆ ಬೀಗ ಬೀಳಬೇಕು. ಮೇಲಿನ ಬೋರ್ಡಿನ ತಂತಿ ಕೀಳುತ್ತೇನೆ, 15 ಸೆಕೆಂಡಿನಲ್ಲಿ ನಿಲ್ಲಬೇಕು. ಫ್ಲೋಟನ್ನು ಕೈಯಿಂದ ಎತ್ತುತ್ತೇನೆ, ತಕ್ಷಣ ನಿಲ್ಲಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಸರಿಯಾಗುವವರೆಗೆ ಮೋಟರನ್ನು ಕೈಯಿಂದ ಹಾಕಿ, ನೀರು ಏರುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿರುತ್ತೇನೆ.