ಆಡು ಮೇಯುವ ಇಳಿಜಾರಿನಲ್ಲಿ ನೂರ ಅರುವತ್ತು ಸಸಿ

ತಮಿಳುನಾಡಿನ ತಾಳವಾಡಿ ಬೆಟ್ಟದಲ್ಲಿ ನಮಗಿರುವುದು ಮೂರು ಎಕರೆ ಜಮೀನು, ಐದು ದನ ಮತ್ತು ಹದಿನಾಲ್ಕು ಆಡು. ಅಪ್ಪನ ಕಾಲದಲ್ಲಿ ದನಕರುಗಳನ್ನು ಬೆಳಿಗ್ಗೆ ಕಾಡಿನ ಕಡೆಗೆ ಹೊಡೆದರೆ ಸಂಜೆಯವರೆಗೆ ಮೇವಿನ ಚಿಂತೆ ಇರುತ್ತಿರಲಿಲ್ಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚ್‌ನಲ್ಲಿ ಅಂಥ ಪ್ರದೇಶಗಳೊಳಗೆ ದನ ಮೇಯಿಸಬಾರದೆಂದು ಮದರಾಸು ಹೈಕೋರ್ಟಿನ ಆದೇಶವೂ ಬಂತು. ಆ ವರ್ಷವೇ, ರಾಗಿಯೂ ಸರಿಯಾಗಿ ಬಾರದ ಒಂದು ಎಕರೆ ಕಲ್ಲುಭೂಮಿಯಲ್ಲಿ ಮರ ಬೆಳೆಸಲು ಮನಸ್ಸು ಮಾಡಿದೆ.

ತಮಿಳಿನಲ್ಲಿ ‘ಪಸುಮೈ ಪೋರ್ವೈ’ ಎನ್ನುವ, ಹೊಲಗಳಲ್ಲಿ ಹಸಿರು ಹೊದಿಕೆ ಬೆಳೆಸುವ ಯೋಜನೆಯನ್ನು ತಮಿಳುನಾಡು ಸರ್ಕಾರ 2021-22ರಲ್ಲಿ ಆರಂಭಿಸಿತ್ತು. ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿಗಳು ಉಚಿತ. ಬದುವಿನಲ್ಲಿ ನೆಡುವುದಾದರೆ ಎಕರೆಗೆ 50, ಇಡೀ ಹೊಲದಲ್ಲಿ ನೆಡುವುದಾದರೆ 160. ನೆಟ್ಟದ್ದಕ್ಕೆ ದುಡ್ಡಿಲ್ಲ, ಉಳಿದದ್ದಕ್ಕೆ ಮಾತ್ರ ಇದೆ: ಬದುಕಿರುವ ಪ್ರತಿ ಸಸಿಗೆ ಎರಡನೆಯ ವರ್ಷದಿಂದ ನಾಲ್ಕನೆಯ ವರ್ಷದವರೆಗೆ ವರ್ಷಕ್ಕೆ ₹7.

ಹೆಸರು ನೋಂದಾಯಿಸುವುದು ಸರ್ಕಾರ ರೈತರಿಗಾಗಿ ಮಾಡಿರುವ ಉಳವನ್ ಆ್ಯಪ್‌ನಲ್ಲಿ. ಮನೆಯಲ್ಲಿ ನಾವು ಆಡುವುದು ಕನ್ನಡ, ಜಮೀನಿನ ದಾಖಲೆಗಳಾದ ಪಟ್ಟಾ, ಚಿಟ್ಟಾ, ಅಡಂಗಲ್ ಎಲ್ಲವೂ ತಮಿಳು; ಆದ್ದರಿಂದ ತಮಿಳು ಶಾಲೆಯಲ್ಲಿ ಓದಿದ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ತೊಡಕಾದದ್ದು ಭಾಷೆಯಲ್ಲ. ಪಟ್ಟಾ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದುದರಿಂದ ಚಿಕ್ಕಪ್ಪಂದಿರಿಬ್ಬರ ಒಪ್ಪಿಗೆ ಬೇಕಾಯಿತು, ಅದಕ್ಕೇ ಎರಡು ತಿಂಗಳು ಹೋಯಿತು. ಪಟ್ಟಾ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಅರ್ಜಿ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಿಂಗಾರು ಹಿಡಿಯುವ ಹೊತ್ತಿಗೆ ಒಂದೂವರೆ ಅಡಿ ಗುಂಡಿಗಳನ್ನು ತೋಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ಹೊನ್ನೆ, ಬೇವು, ಹೆಬ್ಬೇವು, ಮಹಾಗನಿ ಸಸಿಗಳನ್ನು ನೆಟ್ಟೆವು. ಶ್ರೀಗಂಧವನ್ನು ನಾನು ಕೇಳಲಿಲ್ಲ; ಕಾವಲು ಕಾಯುವ ಶಕ್ತಿ ನಮಗಿಲ್ಲ. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ 61 ಸಸಿಗಳು ಹೋಗಿದ್ದವು. ಅವುಗಳಲ್ಲಿ ಬಿಸಿಲಿಗೆ ಸತ್ತವು ಕೆಲವೇ. ಹೆಚ್ಚಿನವನ್ನು ತಿಂದದ್ದು ನನ್ನದೇ ಆಡುಗಳು, ಅದೂ ನಾನು ತಾಳವಾಡಿ ಸಂತೆಗೆ ಹೋಗಿದ್ದ ಒಂದೇ ಮಧ್ಯಾಹ್ನ. ದೂರುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಆಮೇಲೆ ಇಬ್ಬರು ಆಳುಗಳನ್ನಿಟ್ಟು ನಾಲ್ಕು ದಿನ ಜಾಲಿಮುಳ್ಳು, ಲಂಟಾನ ಕಡಿಸಿ ಇಳಿಜಾರಿನ ಸುತ್ತ ಬೇಲಿ ಕಟ್ಟಿಸಿದೆ; ₹4,800 ಕೂಲಿಯಾಯಿತು. ಬೇಲಿ ಸಡಿಲವಾಗಿದ್ದ ಕಡೆ ಸಗಣಿಯನ್ನು ನೀರಿನಲ್ಲಿ ಕದಡಿ ಎಲೆಗಳ ಮೇಲೆ ಎರಚಿದೆವು. ಆ ವಾಸನೆಗೆ ಆಡು ಬಾಯಿ ಹಾಕುವುದಿಲ್ಲ, ಆದರೆ ಒಂದು ಮಳೆ ಬಿದ್ದರೆ ಮತ್ತೆ ಎರಚಬೇಕು. ಇಪ್ಪತ್ತು ಸಸಿಗಳನ್ನು ಸ್ವಂತ ದುಡ್ಡಿನಲ್ಲಿ ತಂದು ಖಾಲಿ ಗುಂಡಿಗಳಿಗೆ ನೆಟ್ಟೆ.

ಎರಡನೆಯ ವರ್ಷದ ಎಣಿಕೆಯಲ್ಲಿ 112 ಗಿಡಗಳು ಸಿಕ್ಕವು. ಏಳರ ಲೆಕ್ಕದಲ್ಲಿ ₹784, ಮೂರು ವರ್ಷವೂ ಅಷ್ಟೇ ಉಳಿದರೆ ₹2,352. ಬೇಲಿಯ ಕೂಲಿಯ ಅರ್ಧವೂ ಹುಟ್ಟುವುದಿಲ್ಲ. ನನ್ನ ಮಟ್ಟಿಗೆ ಈ ಯೋಜನೆಯ ನಿಜವಾದ ಸಹಾಯ ಉಚಿತ ಸಸಿಯೇ ಹೊರತು ಪ್ರೋತ್ಸಾಹಧನವಲ್ಲ. ಬೆಳೆ ಇಡುವವರಿಗೆ ಇದು ಸಾಕಾಗಬಹುದು. ದನ, ಆಡು ಸಾಕುವವನಿಗೆ ಮೊದಲ ಎರಡು ವರ್ಷದ ಬೇಲಿಯೇ ದೊಡ್ಡ ಖರ್ಚು, ಸಹಾಯ ಬೇಕಾಗಿರುವುದು ಅಲ್ಲಿ.

ಇನ್ನೊಂದು ಕೊರತೆಯೆಂದರೆ, ನನ್ನ ಪಾಲಿಗೆ ಬಂದವು ಹೆಚ್ಚಾಗಿ ನಾಟಾ ಮರಗಳು. ಹೆಬ್ಬೇವಿನ ಸೊಪ್ಪನ್ನು ಆಡುಗಳು ತಿನ್ನುತ್ತವೆ ನಿಜ, ಆದರೆ ಕೊಟ್ಟಿಗೆಗೆ ಅದೊಂದೇ ಸಾಲದು. ಆದ್ದರಿಂದ ಬೇಲಿಯ ಒಳಮಗ್ಗುಲಲ್ಲಿ ಗ್ಲಿರಿಸಿಡಿಯಾ ಕಡ್ಡಿಗಳನ್ನು ಮೂರಡಿಗೊಂದರಂತೆ ಊರಿದೆ, ಬಾವಿಯ ಪಕ್ಕದಲ್ಲಿ ಮೇವಿನ ಮರಗಳಾದ ಅಗಸೆ ಮತ್ತು ಸುಬಾಬುಲ್ ಬಿತ್ತಿದೆ. ಇವು ಎಣಿಕೆಗೆ ಸೇರುವುದಿಲ್ಲ. ಗ್ಲಿರಿಸಿಡಿಯಾ ಹಸಿಯಾಗಿದ್ದರೆ ದನಗಳು ಮೂಸಿ ಬಿಡುತ್ತವೆ, ಕೊಯ್ದು ಒಂದು ದಿನ ಬಾಡಿಸಿ ಹಾಕಿದರೆ ತಿನ್ನುತ್ತವೆ. ಸುಬಾಬುಲ್ ಅನ್ನು ಮಾತ್ರ ಒಟ್ಟು ಮೇವಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹಾಕುವುದಿಲ್ಲ, ಹೆಚ್ಚಾದರೆ ಕೂದಲು ಉದುರುತ್ತದೆ. ಈಗ ಬೇಲಿಯಂಚಿನ ಗಿಡಗಳನ್ನು ಸೊಂಟದೆತ್ತರಕ್ಕೆ ಸವರಿ, ಮರುದಿನದ ಸೊಪ್ಪನ್ನು ಹಿಂದಿನ ಸಂಜೆಯೇ ಕೊಟ್ಟಿಗೆಯ ಜಗಲಿಯಲ್ಲಿ ಹರಡುತ್ತೇವೆ.